ರೊಟ್ಟಿ ಬುತ್ತಿ ಕಟ್ಟಿಕೊಂಡು ಜಪಾನಿಗೆ

ನಾವು ಗಂಡ ಹೆಂಡತಿ ಜಪಾನಿಗೆ ಹೊರಟಿದ್ದೇವೆ ಎಂದು ಗೊತ್ತಾದ ಮೇಲೆ ಸಾಯಗಾಂವದ ಕಟ್ಟೆಯಲ್ಲಿ ಎದುರಾದ ಪ್ರಶ್ನೆ ಒಂದೇ: “ಅಲ್ಲಿ ಹೋಗಿ ಯಾನ್ ತಿಂತೀರಿ ಮಾಸ್ತರ್ರೆ?” ಭಾಲ್ಕಿ ತಾಲ್ಲೂಕಿನ ನಮ್ಮ ಕಡೆಯ ಲಿಂಗಾಯತ ಮನೆಗಳಲ್ಲಿ ಮೊಟ್ಟೆಯೂ ಒಲೆ ಹತ್ತುವುದಿಲ್ಲ. ಮೀನಿನ ದೇಶದಲ್ಲಿ ಇವರ ಗತಿಯೇನು ಎಂಬುದು ಊರಿನ ಚಿಂತೆ. ಒಬ್ಬ ಮಾಸ್ತರನ ಉಳಿತಾಯದಲ್ಲಿ ಅಷ್ಟೂ ಊರು ತಿರುಗುವುದು ಹೇಗೆ ಎಂಬುದು ನನ್ನ ಚಿಂತೆ. ಎರಡಕ್ಕೂ ಉತ್ತರ ಇದ್ದದ್ದು ಮನೆಯಲ್ಲಿ ಕೂತು ಹಾಕಿದ ಲೆಕ್ಕದಲ್ಲೇ.

ಮೊದಲು ಕಾಲ. ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಚೆರ್ರಿ ಹೂವಿನ ಹಬ್ಬ, ಏಪ್ರಿಲ್ ಕೊನೆಗೆ ಜಪಾನಿನವರದೇ ಸಾಲು ರಜೆ, ನವೆಂಬರಿನಲ್ಲಿ ಕೆಂಪೆಲೆ ನೋಡುವ ಜನಜಾತ್ರೆ. ಮೂರೂ ಹೊತ್ತಿನಲ್ಲಿ ಕೋಣೆ ಬಾಡಿಗೆ ಏರುತ್ತದೆ. ಹಾಗಾಗಿ ಡಿಸೆಂಬರ್ ಆರಂಭವನ್ನು ಆರಿಸಿಕೊಂಡೆವು. ಚಳಿ ಇದೆ, ಮಳೆಯಿಲ್ಲ, ನೂಕುನುಗ್ಗಲು ಕಡಿಮೆ. ಹೈದರಾಬಾದಿನಿಂದ ಬ್ಯಾಂಕಾಕ್ ಮೇಲೆ ಟೋಕಿಯೊಗೆ ಹೋಗುವುದು, ವಾಪಸು ಒಸಾಕಾ ಬಳಿಯ ಕನ್ಸಾಯ್ ನಿಲ್ದಾಣದಿಂದ ಹೊರಡುವುದು ಎಂದು ಟಿಕೆಟ್ ಮಾಡಿಸಿದೆವು. ಹೋದ ದಾರಿಯಲ್ಲೇ ಮರಳುವ ರೈಲು ಖರ್ಚು ಉಳಿಯಿತು. ವೀಸಾ ಅರ್ಜಿಯ ಜೊತೆ ಯಾವ ದಿನ ಯಾವ ಊರು, ಎಲ್ಲಿ ವಸ್ತಿ ಎಂಬ ಪಟ್ಟಿಯನ್ನೂ ಕೊಡಬೇಕು. ಆ ಪಟ್ಟಿಯೇ ನಮ್ಮ ಪ್ರವಾಸದ ಬೆನ್ನೆಲುಬಾಯಿತು.

ಜಪಾನ್ ಎಂದರೆ ರೈಲು ಪಾಸ್ ಕೊಳ್ಳಬೇಕು ಎಂಬ ಮಾತು ಈಗ ಎಲ್ಲರಿಗೂ ಹೊಂದುವುದಿಲ್ಲ. ಏಳು ದಿನದ ಜೆಆರ್ ಪಾಸ್ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ ಒಮ್ಮೆಲೇ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನ ಒಂದು ಕಡೆಯ ದರ ಸುಮಾರು 14,000 ಯೆನ್. ಒಂದೇ ದಿಕ್ಕಿನಲ್ಲಿ ನಿಧಾನವಾಗಿ ಸಾಗುವವರಿಗೆ ಪಾಸ್ ಗಿಟ್ಟುವುದಿಲ್ಲ. ನಾವು ರಾತ್ರಿ ಬಸ್ ಹತ್ತಿದೆವು. ರೈಲಿನ ಅರ್ಧದಷ್ಟು ಖರ್ಚು, ಜೊತೆಗೆ ಒಂದು ರಾತ್ರಿಯ ಬಾಡಿಗೆ ಉಳಿತಾಯ. ಬೀದರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ರೂಢಿಯಿದ್ದವರಿಗೆ ಅದೇನು ಕಷ್ಟವಲ್ಲ.

ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಹಸಿ ಹಣ್ಣು, ತರಕಾರಿಗೆ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಕಟ್ಟುನಿಟ್ಟು ತಪಾಸಣೆ ಇರುತ್ತದೆ. ಅವನ್ನು ಒಯ್ಯುವ ಗೋಜಿಗೆ ಹೋಗಬಾರದು.

ಟೋಕಿಯೊದಲ್ಲಿ ಊಟದ ಚಿಂತೆ ಬೇಗ ಕರಗಿತು. ರೈಲು ನಿಲ್ದಾಣದ ಗೇಟಿನೊಳಗೇ ‘ಟೀಸ್ ತಂತಾನ್’ ಎಂಬ ಅಂಗಡಿಯಿದೆ. ಅಲ್ಲಿನ ರಾಮೆನ್ ಶಾವಿಗೆಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಎಳ್ಳಿನ ಗಟ್ಟಿ ಸಾರು, ಖಾರವೂ ಉಂಟು. ಪೂರ್ವದ ನಿಶಿ ಕಸಾಯ್ ಬಡಾವಣೆಯಲ್ಲಿ ಭಾರತದ ಐಟಿ ಕುಟುಂಬಗಳು ಬಹಳ. ಬೇಳೆ, ಹಿಟ್ಟು, ಮಸಾಲೆ ಅಲ್ಲಿ ಸಲೀಸು. ನಲ್ಲಿ ನೀರು ಎಲ್ಲೆಡೆ ಕುಡಿಯಲು ಯೋಗ್ಯ, ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ.

ಅಸಲಿ ತೊಡಕು ಕಣ್ಣಿಗೆ ಕಾಣದ್ದು. ಅದರ ಹೆಸರು ದಾಶಿ. ಒಣಗಿಸಿ ಹೊಗೆಯಾಡಿಸಿದ ಮೀನಿನ ಚೂರು, ಕೊಂಬು ಎಂಬ ಕಡಲಪಾಚಿ ಹಾಕಿ ತೆಗೆದ ತಿಳಿಸಾರು ಅದು. ಮಿಸೊ ಸೂಪು, ಉದೊನ್ ಶಾವಿಗೆ, ಬೇಯಿಸಿದ ಪಲ್ಯ, ಎಲ್ಲದರ ಬುಡದಲ್ಲೂ ಅದೇ. ‘ಮಾಂಸ ಬೇಡ’ ಎಂದರೆ ಮಾಂಸದ ತುಂಡು ತೆಗೆದು ಅದೇ ಸಾರು ಮುಂದಿಡುತ್ತಾರೆ. ಅದು ಮೋಸವಲ್ಲ, ಅವರ ಲೆಕ್ಕದಲ್ಲಿ ಸಾರು ಮೀನಲ್ಲ. ಆದ್ದರಿಂದ ನಿಕು (ಮಾಂಸ), ಸಕಾನ (ಮೀನು), ತಮಾಗೊ (ಮೊಟ್ಟೆ), ದಾಶಿ ನಾಲ್ಕೂ ಬೇಡ ಎಂದು ಜಪಾನಿ ಲಿಪಿಯಲ್ಲಿ ಬರೆಸಿದ ಚೀಟಿ ಜೇಬಿನಲ್ಲಿತ್ತು.

ಕ್ಯೋಟೊದ ಗಲ್ಲಿಯೊಂದರ ಸಣ್ಣ ಉದೊನ್ ಅಂಗಡಿಯಲ್ಲಿ ಆ ಚೀಟಿ ಕೊಟ್ಟೆ. ಒಡತಿ ಅಜ್ಜಿ ಕನ್ನಡಕ ಏರಿಸಿ ಓದಿದರು, ತಲೆಯಾಡಿಸಿದರು. ನನ್ನನ್ನು ಒಲೆಯ ಹತ್ತಿರ ಕರೆದು ಪಾತ್ರೆಯ ಮುಚ್ಚಳ ಎತ್ತಿ ದಾಶಿ ತೋರಿಸಿದರು. ಕೊನೆಗೆ ಬಂದದ್ದು ಬಿಸಿ ಅನ್ನ, ತಣ್ಣನೆಯ ತೋಫು, ಶುಂಠಿ ತುರಿ, ಉಪ್ಪಿನಲ್ಲಿ ಹಾಕಿದ ಮೂಲಂಗಿ. ನಮ್ಮಾಕೆ ಹಿಂಡಿ ಡಬ್ಬಿ ತೆಗೆದು ಅಪ್ಪಣೆ ಕೇಳುವಂತೆ ತೋರಿಸಿದಳು. ಅಜ್ಜಿ ಚಿಟಿಕೆ ಹಿಂಡಿ ಅಂಗೈಗೆ ಹಾಕಿಸಿಕೊಂಡು ನೆಕ್ಕಿ, ಖಾರಕ್ಕೆ ಬಾಯಿ ಮುಚ್ಚಿಕೊಂಡು ನಕ್ಕರು.

ಉಳಿದ ಹೊತ್ತುಗಳನ್ನು ನೀಗಿಸಿದ್ದು ಹಾದಿಬದಿಯ ಕಿರಾಣಿಗಳು. ಒನಿಗಿರಿ ಎಂಬ ಉಪ್ಪನ್ನದ ಉಂಡೆ, ಬಾಳೆಹಣ್ಣು, ಸುಟ್ಟ ಗೆಣಸು. ಸೂಪರ್ ಮಾರ್ಕೆಟ್ಟುಗಳಲ್ಲಿ ಸಂಜೆ ಕಳೆದ ಮೇಲೆ ತಿಂಡಿ ಡಬ್ಬಿಗಳಿಗೆ ಅರ್ಧ ಬೆಲೆಯ ಚೀಟಿ ಅಂಟಿಸುತ್ತಾರೆ. ಹಾಸ್ಟೆಲಿನಲ್ಲಿ ಅಡುಗೆ ಮನೆ ಇದ್ದರೆ ಅನ್ನ, ತೋಫು ಪಲ್ಯ ಮಾಡಿಕೊಳ್ಳಬಹುದು.

ಕ್ಯೋಟೊದಿಂದ ನಾರಾ ರೈಲಿನಲ್ಲಿ ಒಂದು ತಾಸಿನೊಳಗಿನ ದಾರಿ. ಅಲ್ಲಿನ ತೋದಾಯ್‌ಜಿ ದೇಗುಲದ ಮಹಾಬುದ್ಧನಿಗೆ 752ರಲ್ಲಿ ಕಣ್ಣು ಬರೆದದ್ದು ಭಾರತದಿಂದ ಹೋದ ಭಿಕ್ಷು ಬೋಧಿಸೇನ. ಆತ ಏನು ಉಂಡನೋ ಎಂದು ನಮ್ಮಾಕೆ ಕೇಳಿದಳು. ಹಿರೋಶಿಮಾದಲ್ಲಿ ಹಸಿವಿನ ಮಾತೇ ಬರಲಿಲ್ಲ. ಅಣುಬಾಂಬು ಬಿದ್ದ 1945ರ ಆಗಸ್ಟ್ 6ರ ಬೆಳಗಿನ 8:15ಕ್ಕೆ ನಿಂತ ಕೈಗಡಿಯಾರ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಪ್ರವೇಶಕ್ಕೆ 200 ಯೆನ್, ಒಂದು ಒನಿಗಿರಿಯ ಬೆಲೆಯ ಆಸುಪಾಸು.

ಉಳಿಸಿದ ದುಡ್ಡನ್ನು ಮನಸಾರೆ ಖರ್ಚು ಮಾಡಿದ್ದು ಕೋಯಾಸಾನ್‌ನಲ್ಲಿ. ಒಸಾಕಾದ ನಂಬಾದಿಂದ ರೈಲು, ಕೊನೆಗೆ ಕಡಿದಾದ ಬೆಟ್ಟಕ್ಕೆ ಕೇಬಲ್ ಕಾರ್. ಕುಕಾಯ್ ಎಂಬ ಸನ್ಯಾಸಿಗೆ 816ರಲ್ಲಿ ದೊರೆತ ಬೆಟ್ಟ ಇದು. ಇಲ್ಲಿನ ಮಠಗಳೇ ಯಾತ್ರಿಕರಿಗೆ ವಸ್ತಿ ಕೊಡುತ್ತವೆ. ತಲೆಗೆ 10,000 ಯೆನ್ ಮೀರುತ್ತದೆ, ಆದರೆ ಎರಡು ಹೊತ್ತಿನ ಊಟ ಅದರಲ್ಲೇ ಸೇರಿದೆ. ಕೆಂಪು ಮೆರುಗಿನ ಕಿರುಮಣೆಯ ಮೇಲೆ ಎಳ್ಳಿನ ತೋಫು, ಚಳಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸುವ ಕೋಯಾ ತೋಫು, ಹುರಿದ ತರಕಾರಿ. ಸಾರು ಕಡಲಪಾಚಿ, ಅಣಬೆಯದು. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಚೀಟಿ ತೆಗೆಯದೆ ಉಂಡ ಊಟ ಅದು. ಕುಕಾಯ್ ಇಂದಿಗೂ ಧ್ಯಾನದಲ್ಲಿದ್ದಾನೆ ಎಂದು ಭಕ್ತರ ನಂಬಿಕೆ. ದಿನಕ್ಕೆರಡು ಹೊತ್ತು ಸನ್ಯಾಸಿಗಳು ಆತನಿಗೆ ಊಟ ಹೊತ್ತು ಹೋಗುತ್ತಾರೆ. ಗದ್ದುಗೆಗೆ ನೈವೇದ್ಯ ಹಿಡಿಯುವ ನಾಡಿನವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಬಾಯಿಗೆ ಹೆದರಿ ಜಪಾನನ್ನು ಬಿಡಬೇಡಿ. ಹೂವಿನ ಕಾಲ ಬಿಟ್ಟು ಹೋಗಿ, ಒಂದೂರಿಂದ ಇಳಿದು ಇನ್ನೊಂದೂರಿಂದ ಹೊರಡಿ, ಪಾಸ್ ಕೊಳ್ಳುವ ಮುಂಚೆ ಬಿಡಿ ಟಿಕೆಟ್ಟಿನ ಮೊತ್ತ ಕೂಡಿಸಿ ನೋಡಿ. ದಾಶಿಯ ಹೆಸರು ಚೀಟಿಯಲ್ಲಿ ಇರಲೇಬೇಕು. ಒಂದು ರಾತ್ರಿಯ ದುಡ್ಡನ್ನು ಕೋಯಾಸಾನ್‌ಗೆಂದು ಮೊದಲೇ ಎತ್ತಿಡಿ, ಉಳಿದ ಖರ್ಚನ್ನು ಅದರ ಸುತ್ತ ಹೊಂದಿಸಿಕೊಳ್ಳಿ.