ಪ್ಯಾಚ್‌ನ ಮೇಲಿನ ಟಿಪ್ಪಣಿ

2016ರ ಅಕ್ಟೋಬರ್. ಸರಿರಾತ್ರಿ ಕಳೆದಿದೆ. ಮೇಜಿನಡಿ ಪರೀಕ್ಷೆಯ ಯಂತ್ರದ ಫ್ಯಾನು ಗುಂಯ್‌ಗುಡುತ್ತಿದೆ, ಕಾದ ಧೂಳಿನ ವಾಸನೆ ಮೂಗಿಗೆ ಅಡರುತ್ತಿದೆ. ಲಿನಕ್ಸ್ ಕರ್ನಲ್‌ನ ಹಳೆಯ ಆವೃತ್ತಿ 3.2 ನಿಮ್ಮ ಹೊಣೆ. ಎಷ್ಟೋ ಸರ್ವರ್‌ಗಳು ಇನ್ನೂ ಅದನ್ನೇ ನೆಚ್ಚಿಕೊಂಡಿವೆ.

ನೀವೀಗ ಸಾಮಾನ್ಯ ಬಳಕೆದಾರ. ಎದುರಿಗಿರುವುದು ಎಲ್ಲ ಅಧಿಕಾರವೂ ಇರುವ ಬಳಕೆದಾರ ‘ರೂಟ್’ನ ಫೈಲ್, ಓದಬಹುದು, ಮುಟ್ಟುವಂತಿಲ್ಲ. ಪುಟ್ಟ ಪ್ರೋಗ್ರಾಂ ಓಡಿಸುತ್ತೀರಿ. ಒಂದು ಥ್ರೆಡ್ ಬರೆಯಲು ನುಗ್ಗುತ್ತದೆ. ಕರ್ನಲ್ ನಿಯಮದಂತೆ ಅದಕ್ಕೊಂದು ಖಾಸಗಿ ನಕಲು ಮಾಡಿಕೊಡುತ್ತದೆ. ಅಷ್ಟರಲ್ಲೇ ಇನ್ನೊಂದು ಥ್ರೆಡ್ ಆ ನಕಲು ಬೇಡವೆನ್ನುತ್ತದೆ. ನಕಲು ಮಾಯ. ಬರೆಯುವ ಕೈ ನಿಂತಿಲ್ಲ. ಮತ್ತೆ ನಕಲು, ಮತ್ತೆ ಮಾಯ. ಮತ್ತೆ. ಮತ್ತೆ. ಫ್ಯಾನು ಕಿರುಚುತ್ತದೆ. ಫೈಲ್ ತೆರೆದು ನೋಡಿದರೆ ನಿಮ್ಮ ಅಕ್ಷರಗಳು ಮೂಲದಲ್ಲೇ ಕೂತಿವೆ! ಬೆನ್ನು ತಣ್ಣಗಾಗುತ್ತದೆ. ಹೀಗೇ ಯಾರು ಬೇಕಾದರೂ ರೂಟ್ ಆಗಬಹುದು. ಕೆಲವೇ ದಿನಗಳಲ್ಲಿ ಜಗತ್ತು ಇದನ್ನು ‘ಡರ್ಟಿ ಕೌ’ ಎಂದು ಕರೆಯಲಿದೆ. ಅಲ್ಲಿಯವರೆಗೆ ನೀವು ಬಾಯಿಬಿಡುವಂತಿಲ್ಲ.

ಈ ದೋಷ ಸರಿಪಡಿಸಲು ಲಿನಕ್ಸ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ ಬರೆದ ಪ್ಯಾಚ್ ಕೈಯಲ್ಲಿದೆ, ತೀರಾ ಚಿಕ್ಕದು. ಹಾಕುತ್ತೀರಿ, ಕೂರುವುದಿಲ್ಲ. ಅದು ತಿದ್ದಬೇಕಾದ ಫೈಲೇ 3.2ರಲ್ಲಿಲ್ಲ. ಆ ಕೋಡ್ ಆಗಿನ್ನೂ ಮೆಮೊರಿ ಡಾಟ್ ಸಿ ಎಂಬ ಫೈಲಿನೊಳಗಿತ್ತು. ಅಲ್ಲಿ ಕೈಯಾರೆ ಸೇರಿಸಿದರೆ ಮುಗಿಯಿತಲ್ಲ? ಬೆರಳು ಆಗಲೇ ಕೀಲಿಯ ಮೇಲಿದೆ.

ತಡೆಯಿರಿ, ಕೋಡ್‌ನ ಮೇಲಿರುವ ಟಿಪ್ಪಣಿ ಓದಿ. ಈ ದೋಷವನ್ನು ಹನ್ನೊಂದು ವರ್ಷದ ಹಿಂದೆ ತಾವೇ ಸರಿಪಡಿಸಲು ಹೋಗಿ ಕೆಟ್ಟದಾಗಿ ಮಾಡಿದ್ದನ್ನು ಲೀನಸ್ ಮುಚ್ಚಿಟ್ಟಿಲ್ಲ. ಐಬಿಎಂನ ಎಸ್390 ಮೇನ್‌ಫ್ರೇಮ್‌ನಲ್ಲಿ ತೊಂದರೆ ಬಂದು ಆ ತಿದ್ದುಪಡಿಯನ್ನು ತೆಗೆದುಹಾಕಿದರು. ಆಗ ಊಹೆಯಲ್ಲಷ್ಟೇ ಇದ್ದ ಅಪಾಯ ಈಗ ಸುಲಭವಾಗಿ ಎದುರಾಗುತ್ತಿದೆ. ಇಷ್ಟು ಬಿಚ್ಚಿ ಬರೆದಿಡುವುದಕ್ಕೆ ಕೋಡ್ ಬರೆಯುವಷ್ಟೇ ಎದೆಗಾರಿಕೆ ಬೇಕು. ಕೊನೆಯಲ್ಲಿ ಇನ್ನೊಂದು ಮಾತಿದೆ: ಈ ಪರಿಹಾರ ನಂಬಿರುವ, ಪುಟಕ್ಕೆ ಬರೆಯಲಾಗಿದೆಯೇ ಎಂದು ಸೂಚಿಸುವ ‘ಡರ್ಟಿ’ ಬಿಟ್ ಎಸ್390ಗೆ ಬಂದದ್ದೇ 3.9ರಲ್ಲಿ. ಅದಕ್ಕೂ ಹಿಂದಿನ ಕರ್ನಲ್‌ಗಳು ಮೆಮೊರಿ ಪುಟದ ಸ್ಥಿತಿಯನ್ನೇ ನೋಡಬೇಕು.

ಎದೆ ಧಸಕ್ಕೆನ್ನುತ್ತದೆ. ನಿಮ್ಮದು 3.2! ಹಾಗೇ ಸೇರಿಸಿದ್ದರೆ ಈ ಮೇಜಿನಡಿಯ ಯಂತ್ರ ಚಕಾರವೆತ್ತುತ್ತಿರಲಿಲ್ಲ. ಎಡವಟ್ಟಾಗುವುದು ನೀವೆಂದೂ ಕಾಣದ ಮೇನ್‌ಫ್ರೇಮ್‌ನಲ್ಲಿ.

ಎಸ್390ರ ದಾರಿಯನ್ನು ಬೇರೆಯಾಗಿಯೇ ಬರೆಯುತ್ತೀರಿ. ಕಂಪೈಲ್. ರೀಬೂಟ್. ಮತ್ತದೇ ಪ್ರೋಗ್ರಾಂ, ಮತ್ತದೇ ಕಿರುಚಾಟ. ಫೈಲ್ ಮಾತ್ರ ಈ ಸಲ ಕದಲಿಲ್ಲ. ಕಣ್ಣು ಉರಿಯುತ್ತಿದೆ, ಮಲಗಬಹುದಿತ್ತು. ಆದರೆ ಮೂಲ ಪ್ಯಾಚ್‌ನಲ್ಲಿ ನೀವು ಬದಲಿಸಿದ್ದೇನು, 3.2ರಲ್ಲಿ ಅದು ಯಾಕೆ ಬೇಕಾಯಿತು ಎಂಬುದು ನಿಮ್ಮ ತಲೆಯಲ್ಲಷ್ಟೇ ಇದೆ. ಅದನ್ನು ಟಿಪ್ಪಣಿಗೆ ಇಳಿಸಿ. ಕೆಳಗೆ ‘ಸೈನ್ಡ್ ಆಫ್ ಬೈ’, ನಿಮ್ಮ ಹೆಸರು. ಈಗ ಕಳಿಸಿ.