ಆವಣಿ ಕಲ್ಲಿನ ತಂಪು, ನಮ್ಮ ಬೇಲಿ ಕಲ್ಲು



ಮೊನ್ನೆ ಟೊಮೆಟೊ ಸಸಿ ತರೋಕೆ ಮುಳಬಾಗಿಲು ಕಡೆ ಹೋಗಿದ್ದೆ. ನಮ್ಮ ಮನೆಯವಳೂ ಜೊತೆಗಿದ್ದಳು. ನರ್ಸರಿಯವನು "ನಾಲ್ಕು ಗಂಟೆಗೆ ಬಾ ಅಣ್ಣ" ಅಂದ. ಸುಡೋ ಬಿಸಿಲು. ಸುಮ್ಮನೆ ನಿಲ್ಲೋದು ಯಾಕೆ ಅಂತ ಗಾಡಿ ಆವಣಿಗೆ ತಿರುಗಿಸಿದೆ.

ಊರ ಹೊರಗೆ ಮರದ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ್ವಿ. ಮುದ್ದೆ, ಹುರುಳಿಕಾಳು ಸಾರು, ಒಂದು ಈರುಳ್ಳಿ. ಮಂಡಿ ರೇಟಿನ ಮಾತಿಲ್ಲದೆ ಉಂಡು ಎಷ್ಟು ದಿನ ಆಗಿತ್ತೋ!

ಆಮೇಲೆ ದೇವಸ್ಥಾನದ ಒಳಗೆ ಹೋದ್ವಿ. ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ, ಎಲ್ಲಾ ಒಂದೇ ಪ್ರಾಕಾರದಲ್ಲಿ. ನೊಳಂಬರ ಕಾಲದ್ದು, ಸಾವಿರ ವರ್ಷದ ಕಟ್ಟಡ. ಹೊರಗೆ ಕಾಲಿಡೋಕಾಗದ ಬಿಸಿ. ಒಳಗೆ ನೆಲ ತಣ್ಣಗೆ. ಕಂಬಕ್ಕೆ ಒರಗಿ ಕೂತರೆ ಬೆನ್ನಿನ ನೋವೇ ಮರೆತುಹೋಯ್ತು. ನಾವು ಬೇಲಿಗೆ ನೆಡೋ ಕಲ್ಲುಕೂಚದಂಥದ್ದೇ ನಮ್ಮ ಸೀಮೆ ಕಲ್ಲು. ಅವರು ಅದರಲ್ಲಿ ಕಂಬ, ಚಾವಣಿ, ದೇವರು ಎಲ್ಲಾ ಕಡೆದಿದ್ದಾರೆ.

ಅಲ್ಲಿನ ಶಾಸನದ ಒಂದು ವಿಷಯ ಹಿಂದೆ ಓದಿದ್ದೆ. ಹತ್ತನೇ ಶತಮಾನದಲ್ಲಿ ತ್ರಿಭುವನಕರ್ತ ಅನ್ನೋ ಗುರು 40 ವರ್ಷ ಆವಣಿ ಸ್ಥಾನ ನೋಡಿಕೊಂಡು, 50 ದೇವಸ್ಥಾನ, 2 ದೊಡ್ಡ ಕೆರೆ ಕಟ್ಟಿಸಿದನಂತೆ. ಮನೆಯವಳಿಗೆ ಹೇಳಿದೆ. ಅವಳು ಕೆರೆ ಮಾತನ್ನೇ ಹಿಡಿದಳು. "ಅವರು ಕೆರೆ ಕಟ್ಟಿದ್ರು. ನೀವು ಕೆರೆಗೆ ಹೋಗೋ ಕಾಲುವೆಯಲ್ಲೇ ಬೇಲಿ ಹಾಕಿದ್ದೀರಲ್ಲ ರೀ?"

ನನ್ನ ಹತ್ರ ಉತ್ತರ ಇರಲಿಲ್ಲ. ನಿಜ ಹೇಳಿಬಿಡ್ತೀನಿ. ಆರು ವರ್ಷದ ಹಿಂದೆ ಮಾವಿನ ತೋಪಿಗೆ ಬೇಲಿ ಹಾಕುವಾಗ ಕಾಲುವೆ ಒಳಗೆ ಎರಡು ಮೊಳ ಒತ್ತಿ ಕಲ್ಲು ನೆಟ್ಟೆ. ಪಕ್ಕದವರು ಒತ್ತಿದ್ರು, ನಾನೂ ಒತ್ತಿದೆ. ಅಲ್ಲಿ ಒಂದು ಸಾಲು ಗಿಡಕ್ಕೂ ಜಾಗ ಇಲ್ಲ. ಮಳೆ ಬಂದಾಗ ನೀರು ಕೆರೆಗೆ ಹೋಗದೆ ರಸ್ತೆಗೆ ನುಗ್ಗುತ್ತೆ. ನದಿ ಇಲ್ಲದ ಸೀಮೆ ನಮ್ದು. ಕೆರೆ ತುಂಬದೆ ಬೋರ್‌ವೆಲ್ ಬತ್ತಿದ್ರೆ ಯಾರನ್ನ ಬೈಯೋದು?

ನಿನ್ನೆ ಹನ್ನೊಂದು ಕಲ್ಲು ಕಿತ್ತು ಹಿಂದಕ್ಕೆ ನೆಟ್ಟಿದ್ದೀನಿ. ಇನ್ನೂ ಒಂಬತ್ತಿವೆ. ಅದರಲ್ಲಿ ಒಂದು ಉದ್ದನೆ ಕಲ್ಲನ್ನ ತೋಪಿನ ಬಾಗಿಲಲ್ಲಿ ಅಡ್ಡ ಹಾಕಿದ್ದೀನಿ, ಕೂರೋಕೆ. ಸಂಜೆ ಟೀ ಅಲ್ಲೇ. ಈ ಕಡೆ ಬಂದ್ರೆ ಕೂತು ಹೋಗಿ, ಹಾಗೇ ಕಾಲುವೆನೂ ನೋಡಿ.