ಗಾಡಿ ಇಳಿಸುವ ಮುಂಚೆ ಆರ್‌ಸಿ ನೋಡಿ

ಸಿರಿಗೇರಿ ಕಡೆ ನಮ್ಮ ಹುಡುಗರು ಪಿಕಪ್ ತಗೊಂಡರೆ ಕೆಲವರು ಚೀಲ ಹೆಚ್ಚು ಹೇರಲು ಹಿಂದಿನ ಕಮಾನಿಗೆ ಒಂದು ಪಟ್ಟಿ ಸೇರಿಸುತ್ತಾರೆ. ರೀಲ್ಸ್ ನೋಡಿದವರು ಪಟ್ಟಿ ತೆಗೆಸಿ ಗಾಡಿ ಇಳಿಸುತ್ತಾರೆ. ಗ್ಯಾರೇಜಿನಲ್ಲಿ ನಮ್ಮ ಕಿವಿಗೆ ಬೀಳುವ ಪ್ರಶ್ನೆ, "ಅಣ್ಣಾ, ಎಷ್ಟಿಂಚು ಇಳೀತೈತಿ?" ಎಷ್ಟು ತೂಕ ಹೊರುತ್ತದೆ ಅಂತ ಕೇಳುವವರು ಕಡಿಮೆ.

ಲೆಕ್ಕ ಸುಲಭ. ಆರ್‌ಸಿಯಲ್ಲಿರುವ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದದ್ದರಲ್ಲಿ ಡ್ರೈವರ್, ಮಾಲು ಎಲ್ಲ ಸೇರಬೇಕು. 75 ಕೆ.ಜಿ.ಯ 20 ಚೀಲ ಭತ್ತ ಅಂದರೆ 1,500 ಕೆ.ಜಿ. ಅಷ್ಟು ಹೇರಿದಾಗ ಹಿಂಭಾಗ 3 ಇಂಚು ಕುಗ್ಗುತ್ತದೆ, ಆಕ್ಸಲ್ ಮೇಲಿನ ರಬ್ಬರ್‌ವರೆಗೆ 4 ಇಂಚು ಜಾಗವಿದೆ ಅಂತಿಟ್ಟುಕೊಳ್ಳಿ. ಮೊದಲೇ 2 ಇಂಚು ಇಳಿಸಿದ್ದರೆ, ಚೀಲ ಪೂರ್ತಿ ಹೇರುವ ಮುಂಚೆಯೇ ಆಕ್ಸಲ್ ರಬ್ಬರಿಗೆ ತಾಗುತ್ತದೆ. ನಮ್ಮ ಎರೆ ನೆಲ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ರಸ್ತೆ ಅಲೆ ಅಲೆಯಾಗುತ್ತದೆ. ಆ ಏಟೆಲ್ಲ ಚಾಸಿಗೆ.

ಪಟ್ಟಿ ತೆಗೆದರೆ ಎತ್ತರದ ಜೊತೆ ಹೊರುವ ಶಕ್ತಿಯೂ ಹೋಗುತ್ತದೆ. ಸುರುಳಿ ಸ್ಪ್ರಿಂಗನ್ನು ಗ್ಯಾಸಿನಲ್ಲಿ ಕಾಯಿಸಿ ಕೂರಿಸಿದರೆ ಉಕ್ಕಿನ ಹದ ಕೆಡುತ್ತದೆ. ಇಳಿಸಲೇಬೇಕೆಂದರೆ ಬಾಗು ಕಡಿಮೆ, ಬಿಗಿ ಹೆಚ್ಚು ಇರುವ ಪಟ್ಟಿಯ ಪೂರ್ತಿ ಸೆಟ್ಟನ್ನು ಎರಡೂ ಬದಿಗೆ ಹಾಕಿಸಬೇಕು. ಆಗ ಖಾಲಿ ಗಾಡಿ ಕುಣಿಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಬ್ರೇಕಿನ ವಿಷಯ ಇನ್ನೂ ದೊಡ್ಡದು. ಅನೇಕ ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್‌ಗೂ ಸರಳು ಜೋಡಿಸಿದ ವಾಲ್ವ್ ಇರುತ್ತದೆ. ಎರಡರ ನಡುವಿನ ಅಂತರ ನೋಡಿ ಅದು ಲೋಡ್ ಅಳೆಯುತ್ತದೆ. ಗಾಡಿ ಇಳಿಸಿದರೆ ಖಾಲಿ ಇದ್ದಾಗಲೂ ಲೋಡ್ ಇದೆ ಅಂದುಕೊಂಡು ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್ ಕೊಡುತ್ತದೆ, ಚಕ್ರ ಜಾರುತ್ತದೆ. ಪಟ್ಟಿ ಸೇರಿಸಿದರೆ ಲೋಡ್ ಇದ್ದರೂ ಬ್ರೇಕ್ ಕಮ್ಮಿ. ಯಾವುದೇ ಸ್ಪ್ರಿಂಗ್ ಬದಲಿಸಿದರೂ ಆ ವಾಲ್ವ್ ಸರಿಹೊಂದಿಸಲೇಬೇಕು.

ಆರ್‌ಸಿಯ ವಿವರಕ್ಕೆ ತಾಳೆಯಾಗದಂತೆ ಗಾಡಿ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಹೇಳುತ್ತದೆ. 2019ರ ತಿದ್ದುಪಡಿಯಂತೆ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000.

ದಂಡ ಕಟ್ಟಿ ಬರಬಹುದು. ಆದರೆ ಮೆಣಸಿನಕಾಯಿ ಬಿಡಿಸಲು ನಮ್ಮ ಅಕ್ಕತಂಗಿಯರು ಹೋಗುವುದೂ ಇಂಥದೇ ಪಿಕಪ್‌ನಲ್ಲಿ. ಸರಕು ಗಾಡಿಗೆ ಜನ ಹತ್ತಿಸುವುದು ತಪ್ಪು. ಬೇರೆ ಗಾಡಿ ಸಿಗದೆ ಅವರು ಹತ್ತುತ್ತಾರೆ. ಕಾಲುವೆ ತಿರುವಿನಲ್ಲಿ ಆ ಬ್ರೇಕ್ ಹಿಡಿಯಬೇಕು. ಮುಂದಿನ ಸಲ ಮೇಸ್ತ್ರಿ ಹತ್ತಿರ ಹೋದಾಗ ಇಂಚು ಆಮೇಲೆ ಕೇಳಿ, ಮೊದಲು ಆರ್‌ಸಿ ತೋರಿಸಿ.